ಗುಡಾಣ ಒಪ್ಪಿಕೊಂಡದ್ದು

ನಮ್ಮೂರಿನಲ್ಲಿ ಹೊಸ ಗುಡಾಣಕ್ಕೆ ಮೊದಲು ಏನು ಹಾಕುತ್ತೀರೋ ಅದನ್ನಷ್ಟೇ ಅದು ಕೊನೆಯವರೆಗೂ ಇಟ್ಟುಕೊಳ್ಳುತ್ತದೆ. ಬೇರೆ ಏನು ಹಾಕಿದರೂ ಉಗಿದುಬಿಡುತ್ತದೆ. ಉಗಿಯುವುದೆಂದರೆ ನಿಜವಾಗಿ ಉಗಿಯುವುದೇ. ಉಪ್ಪಿನ ಗುಡಾಣಕ್ಕೆ ಅಪ್ಪಿತಪ್ಪಿ ಹುಣಸೆಹಣ್ಣು ಹಾಕಿದಿರೋ, ಅದು ಬಂದು ಮುಖಕ್ಕೇ ಬಡಿಯುತ್ತದೆ. ಬೇರೆ ಊರುಗಳಲ್ಲಿ ಹೀಗಿಲ್ಲವಂತೆ. ಅಲ್ಲಿ ಒಂದೇ ಗುಡಾಣಕ್ಕೆ ಈ ವರ್ಷ ರಾಗಿ, ಮುಂದಿನ ವರ್ಷ ಹುರುಳಿ ತುಂಬುತ್ತಾರಂತೆ. ಆ ಜನ ಹೇಗೆ ನೆಮ್ಮದಿಯಾಗಿ ನಿದ್ದೆ ಮಾಡುತ್ತಾರೋ ನನಗಂತೂ ತಿಳಿಯದು.

ಹಾಗಾಗಿ ನಮ್ಮ ಮನೆಗಳಲ್ಲಿ ಜನಕ್ಕಿಂತ ಗುಡಾಣಗಳೇ ಹೆಚ್ಚು. ಉಪ್ಪಿಗೊಂದು, ರಾಗಿಗೊಂದು, ಬಾವಿ ನೀರಿಗೊಂದು, ಮಳೆ ನೀರಿಗೊಂದು. ಎರಡೂ ನೀರೇ ಅಲ್ಲವೇ ಎಂದು ನಮಗೆ ಅನಿಸಬಹುದು, ಗುಡಾಣಕ್ಕೆ ಹಾಗನಿಸುವುದಿಲ್ಲ. ಮಗು ಹುಟ್ಟಿದರೆ ಒಂದು ಸಣ್ಣ ಕುಡಿಕೆ ತಂದು, ಅದರ ಮೊದಲ ಹಾಲುಹಲ್ಲು ಬೀಳುವವರೆಗೆ ಬೋರಲು ಹಾಕಿ ಕಾಯುತ್ತೇವೆ. ಯಾರಾದರೂ ತೀರಿಕೊಂಡರೆ ಅವರ ಬೂದಿಗೆ ಹೊಚ್ಚ ಹೊಸ ಗುಡಾಣವೇ ಆಗಬೇಕು. ಅಪ್ಪ ಅವ್ವ ಇಬ್ಬರನ್ನೂ ಒಂದೇ ಕಡೆ ಇಡೋಣ ಎಂದು ಮಕ್ಕಳು ಎಷ್ಟು ಆಸೆಪಟ್ಟರೂ ನಡೆಯುವುದಿಲ್ಲ, ಒಬ್ಬರು ಇದ್ದ ಕಡೆ ಇನ್ನೊಬ್ಬರು ಇರುವಂತಿಲ್ಲ. ಪಂಚಾಯ್ತಿ ಚುನಾವಣೆಯಲ್ಲೂ ಗುಡಾಣಕ್ಕೇ ಚೀಟಿ ಹಾಕುವುದು. ಹಿಂದೆ ಮೊದಲು ಬಿದ್ದ ಚೀಟಿ ಯಾರದೋ ಅವನೇ ಗೆಲ್ಲುತ್ತಿದ್ದ, ಉಳಿದವರ ಚೀಟಿಗಳೆಲ್ಲ ಚಾವಡಿಯ ತುಂಬ ಹಾರಾಡುತ್ತಿದ್ದವು. ಈಗ ಒಬ್ಬೊಬ್ಬ ಅಭ್ಯರ್ಥಿಗೂ ಒಂದೊಂದು ಗುಡಾಣ ಇಡುತ್ತಾರೆ. ಯಾರು ಯಾರಿಗೆ ಹಾಕಿದರು ಎಂಬುದು ಊರಿಗೆಲ್ಲ ಕಾಣುತ್ತದೆ, ಜಗಳವೂ ಅಲ್ಲೇ ಮುಗಿಯುತ್ತದೆ. ಬಸ್ ನಿಲ್ದಾಣದಲ್ಲಿ ದಾರಿಹೋಕರ ಕುಡಿಯುವ ನೀರಿಗೆಂದು ಇಟ್ಟ ಗುಡಾಣಕ್ಕೆ, ಉದ್ಘಾಟನೆಯ ಹಿಂದಿನ ಸಂಜೆ ಯಾವನೋ ಪುಣ್ಯಾತ್ಮ ಹೆಂಡ ಸುರಿದುಬಿಟ್ಟ. ಅದು ಇವತ್ತಿಗೂ ಅಲ್ಲೇ ಇದೆ. ದಾರಿಹೋಕರು ಮಾತ್ರ ಹೆಚ್ಚಾಗಿದ್ದಾರೆ.

ಮದುವೆಯ ಗುಡಾಣದ ಗತ್ತೇ ಬೇರೆ. ಅದು ಎದೆಮಟ್ಟ ಎತ್ತರವಿರುತ್ತದೆ, ಅಗಲವಾದ ಬಾಯಿ. ಗಂಡು ಹೆಣ್ಣು ಸೇರಿ ಹಿಡಿದ ಬೋಗುಣಿಯಿಂದ ಅದಕ್ಕೆ ಮೊದಲ ರಾಗಿ ಸುರಿಯಬೇಕು. ಗುಡಾಣ ಒಪ್ಪಿದರೆ ತಳದಿಂದ ಹೂಂ ಎಂದು ಒಂದು ಸಣ್ಣ ಸದ್ದು ಬರುತ್ತದೆ, ಸುತ್ತ ನಿಂತವರ ಅಂಗಾಲಿಗೆ ತಿಳಿಯುತ್ತದೆ. ಆ ಹೂಂ ಆದ ಮೇಲೆಯೇ ತಾಳಿ. ಆಮೇಲೆ ಗುಡಾಣವನ್ನು ಬರಿದು ಮಾಡದೆ ಗಂಡಿನ ಮನೆಗೆ ಒಯ್ಯಬೇಕು. ಹೊಸ್ತಿಲ ಮುಂದೆ ಗಂಡಿನ ಕಡೆಯ ಹಿರಿಯರು ಬೆರಳ ಗೆಣ್ಣಿನಿಂದ ಅದನ್ನು ತಟ್ಟಿ ‘ತುಂಬಿ ಬಂತು’ ಎನ್ನಬೇಕು. ಆ ಮಾತು ಬಾಯಿಂದ ಬರುವವರೆಗೆ ಮದುಮಗಳು ಒಳಗೆ ಕಾಲಿಡುವಂತಿಲ್ಲ. ರಾಗಿ ಸುರಿಯುವ ಮುಂಚೆ ಗುಡಾಣದಲ್ಲಿ ಬಿರುಕು ಕಂಡರೆ ಬೇರೆ ತರಿಸಬಹುದು. ಇಬ್ಬರ ಕೈಯಿಂದ ಒಮ್ಮೆ ಸುರಿದದ್ದಾಯಿತೋ, ಆ ಮದುವೆಗೆ ಅದೇ ಗುಡಾಣ. ದೀಪ ಹಚ್ಚುವ ಹೊತ್ತಿನೊಳಗೆ ಅದು ಏನನ್ನೂ ಒಪ್ಪದೆ ಹೋದರೆ ಸಂಬಂಧ ಮುರಿದ ಹಾಗೆ. ಆ ಗಂಡು ಆ ಹೆಣ್ಣನ್ನು ಮತ್ತೆ ಕೇಳುವಂತಿಲ್ಲ, ಆ ಹೆಣ್ಣು ಆ ಗಂಡಿನ ಕಡೆ ತಿರುಗಿಯೂ ನೋಡುವಂತಿಲ್ಲ.

ನನಗೆ ಜವರಯ್ಯನ ಕಡೆ ತಿರುಗಿ ನೋಡುವುದು ಬಹಳ ಇಷ್ಟವಾದ ಕೆಲಸವಾಗಿತ್ತು. ಅವನು ನಮ್ಮೂರ ಟೌನ್ ಬಸ್ಸಿನ ಕಂಡಕ್ಟರ್. ನಾನು ಪೇಟೆಯ ಟೈಲರ್ ಅಂಗಡಿಯಲ್ಲಿ ಗುಂಡಿ ಹೊಲಿಯುತ್ತಿದ್ದೆ, ದಿನವೂ ಬಸ್ಸಿಗೆ ತಡ. ನಾನು ಬೀದಿಯ ತಿರುವಿನಲ್ಲಿ ಕಾಣುವವರೆಗೆ ಅವನು ಸೀಟಿ ಊದುತ್ತಿರಲಿಲ್ಲ. ಯಾರಾದರೂ ಗೊಣಗಿದರೆ "ಇಂಜಿನ್ ಬಿಸಿ ಆಗೈತೆ ಕಣ್ರೀ, ಸ್ವಲ್ಪ ಆರಲಿ" ಎನ್ನುತ್ತಿದ್ದ. ಚಳಿಗಾಲದ ಬೆಳಿಗ್ಗೆಯಲ್ಲೂ ಅದೇ ಮಾತು. ಇಂಥವನನ್ನು ಬಿಟ್ಟುಕೊಡುವಷ್ಟು ದಡ್ಡಿ ನಾನಲ್ಲ. ನಾನೇ ಅವ್ವನಿಗೆ ಹೇಳಿ, ಅವ್ವ ಅಪ್ಪನಿಗೆ ಹೇಳಿ, ಮಾತುಕತೆ ನಡೆದು ದಿನ ನಿಶ್ಚಯವಾಯಿತು.

ತಂದೆಯಿಲ್ಲದ ಜವರಯ್ಯನಿಗೆ ಹಿರಿಯರೆಂದರೆ ಸೋದರಮಾವ ಮಲಿಯಪ್ಪನವರು. ದೊಡ್ಡ ಮೀಸೆ, ದೊಡ್ಡ ಪೇಟ, ಅದಕ್ಕಿಂತ ದೊಡ್ಡ ಬಿಗುಮಾನ. ಅವರಿಗೂ ನಮ್ಮ ಈರಜ್ಜಿಗೂ ಹಳೆಯ ಹಗೆ. ಈರಜ್ಜಿ ನನ್ನ ಅಪ್ಪನ ತಾಯಿ. ಊರಿನಲ್ಲಿ ಗುಡಾಣ ತಟ್ಟಿ ನೋಡುವ ಕೆಲಸ ಅವಳದು. ಹೊಸ ಗುಡಾಣಕ್ಕೆ ನೀರು ಹಾಕಿ ಸೋರುತ್ತದೋ ಎಂದು ನೋಡಿದರೆ ಅದು ನೀರಿನ ಗುಡಾಣವೇ ಆಗಿ ಕೂರುತ್ತದೆ, ಆದ್ದರಿಂದ ಹೊರಗಿನಿಂದ ತಟ್ಟಿ ಸದ್ದಿನಲ್ಲೇ ಬಿರುಕು ಕಂಡುಹಿಡಿಯಬೇಕು. ಅದು ಎಲ್ಲರಿಗೂ ಬರುವ ವಿದ್ಯೆಯಲ್ಲ. ಮಲಿಯಪ್ಪನವರ ಮದುವೆಯಲ್ಲಿ ಇನ್ನೇನು ರಾಗಿ ಸುರಿಯಬೇಕು ಎನ್ನುವಾಗ ಈರಜ್ಜಿ ಮುಂದೆ ಬಂದು, ತಟ್ಟಿ, ‘ಬದ್ ಅಂತೈತೆ, ಬಿರುಕು’ ಎಂದುಬಿಟ್ಟಳಂತೆ. ಬೇರೆ ಗುಡಾಣ ಸುಟ್ಟು ಬರುವವರೆಗೆ ಮದುವೆ ನಿಂತಿತು. ಅಷ್ಟು ದಿನ ಅವರು ಬಾಸಿಂಗ ಬಿಚ್ಚದೆ ಊರೆಲ್ಲ ಓಡಾಡಬೇಕಾಯಿತು, ಕಂಡಕಂಡವರು ತಮಾಷೆ ಮಾಡಿದರು. ಅವತ್ತಿನಿಂದ ಮಲಿಯಪ್ಪನವರು ನಮ್ಮ ಬೀದಿಗೆ ಕಾಲಿಟ್ಟಿರಲಿಲ್ಲ. ಅಳಿಯನ ಹಟಕ್ಕೆ ಸೋತು ಒಪ್ಪಿದ್ದರು ಅಷ್ಟೆ.

ನನ್ನ ಗುಡಾಣ ಮಾಡಿದವಳು ಕುಂಬಾರಗೇರಿಯ ಕೆಂಚಮ್ಮ. ಆವಿಗೆಯಿಂದ ತೆಗೆದಾಗಲೇ ಈರಜ್ಜಿ ಹೋಗಿ ತಟ್ಟಿ, ಅಂಗೈ ಇಟ್ಟು, ಸುತ್ತ ಸವರಿ "ಅಡ್ಡಿಯಿಲ್ಲ" ಎಂದಿದ್ದಳು. ಬಾಯಿಗೆ ಬಟ್ಟೆ ಕಟ್ಟಿ ಗಾಡಿಯಲ್ಲಿ ತಂದು ನಮ್ಮ ಉಗ್ರಾಣದಲ್ಲಿ ನಿಲ್ಲಿಸಿದೆವು. ನಾನು ಹೋಗಿಬಂದಾಗೆಲ್ಲ ಅದನ್ನು ಸವರುತ್ತಿದ್ದೆ. ಕೆಂಪು ಎಂದರೆ ಅಂಥ ಕೆಂಪು, ನೋಡಿದರೆ ಹೊಟ್ಟೆ ತುಂಬುತ್ತಿತ್ತು.

ಮದುವೆಯ ದಿನ ಬಂತು. ಮನೆಯ ಮುಂದೆ ಚಪ್ಪರ, ಚಪ್ಪರದ ನಡುವೆ ಗುಡಾಣ, ಅದರ ಕೊರಳಿಗೆ ಸೇವಂತಿಗೆ ಹಾರ. ಎದುರಿಗೆ ಮಲಿಯಪ್ಪನವರು ಹೊಸ ಜರಿಪೇಟ ಸುತ್ತಿ ನಿಂತಿದ್ದಾರೆ. ನಾನೂ ಜವರಯ್ಯನೂ ಬೋಗುಣಿ ಹಿಡಿದೆವು. ಅವನ ಕೈ ಬೆವರಿತ್ತು. "ದ್ಯಾವಿ, ಇಂಜಿನ್ ಬಿಸಿ ಆಗೈತೆ" ಎಂದು ನನ್ನ ಕಿವಿಯಲ್ಲಿ ಪಿಸುಗುಟ್ಟಿದ. ನನಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ ಸುರಿದೆ. ರಾಗಿ ಸೊರ್ ಎಂದು ಒಳಗೆ ಹೋಯಿತು. ಎಲ್ಲರೂ ಅಂಗಾಲನ್ನು ನೆಲಕ್ಕೆ ಒತ್ತಿ ಕಾದರು.

ಹೂಂ ಬರಲಿಲ್ಲ. ಥೂ ಎಂದು ಇಡೀ ಬೋಗುಣಿ ರಾಗಿ ಮೇಲಕ್ಕೆ ಚಿಮ್ಮಿ ಮಲಿಯಪ್ಪನವರ ಪೇಟದ ಮೇಲೆ ಸುರಿಯಿತು. ಅವರ ಮೀಸೆಯ ಎರಡೂ ತುದಿಯಿಂದ ರಾಗಿ ಉದುರುವುದನ್ನು ಊರೆಲ್ಲ ನೋಡಿತು.

ಎಲ್ಲರೂ ಒಟ್ಟಿಗೆ ಮಾತಾಡಿದರು. ಹೊಸ ಗುಡಾಣ ಏನು ಹಾಕಿದರೂ ಒಪ್ಪುತ್ತದೆ, ಒಪ್ಪಲಿಲ್ಲವೆಂದರೆ ನಮಗಿಂತ ಮುಂಚೆ ಯಾರೋ ಏನೋ ಹಾಕಿದ್ದಾರೆಂದು ಅರ್ಥ. ಏನು ಹಾಕಿದ್ದಾರೆ? ಕೆಂಚಮ್ಮ ತನ್ನ ಮಕ್ಕಳ ಮೇಲೆ ಆಣೆಯಿಟ್ಟಳು. "ನನ್ನ ಮನೇಲಿ ಇರೋವರೆಗೂ ಒಂದು ನೊಣಾನೂ ಒಳಗೆ ಬಿಟ್ಟಿಲ್ಲ ಕಣ್ರವ್ವ. ಬಟ್ಟೆ ಕಟ್ಟೇ ಕಳಿಸಿದ್ದು" ಎಂದಳು. ಹಾಗಾದರೆ ನಮ್ಮ ಉಗ್ರಾಣದಲ್ಲೇ ಏನೋ ಆಗಿದೆ. ಎಲ್ಲರೂ ಅವ್ವನನ್ನು ನೋಡಿದರು. ಅವ್ವ ಅಪ್ಪನನ್ನು ನೋಡಿದಳು. ಅಪ್ಪ ಗುಡಾಣವನ್ನು ನೋಡಿದ.

ಮಲಿಯಪ್ಪನವರು ಪೇಟ ಕೊಡವುತ್ತ ನಿಧಾನವಾಗಿ ಹೇಳಿದರು, "ಹೊತ್ತು ಐತಲ್ಲ, ಹುಡುಕಿ. ದೀಪ ಹಚ್ಚೋಗಂಟ ಕಾಯ್ತೀನಿ. ಅಷ್ಟರಲ್ಲಿ ಹೂಂ ಅನ್ನಲಿಲ್ಲ ಅಂದ್ರೆ ನಮ್ಮ ಹುಡುಗನ್ನ ಕರ್ಕಂಡು ನಾನು ಹೊರಟೆ." ಹೀಗೆಂದು ಚಾಪೆ ಹಾಸಿಸಿಕೊಂಡು ಕೂತರು. ಅವರ ಮುಖದಲ್ಲಿ ಹಳೆಯ ಬಾಕಿ ತೀರುತ್ತಿರುವ ಸಮಾಧಾನವಿತ್ತು.

ಊರಿಗೆ ಊರೇ ಎದ್ದಿತು. ಅವ್ವ ಓಡಿಹೋಗಿ ಉಪ್ಪು ತಂದಳು, ಗುಡಾಣ ಉಗಿಯಿತು. ಬೆಲ್ಲ ತಂದರು, ಉಗಿಯಿತು. ಹುಣಸೆಹಣ್ಣು, ಒಣಮೆಣಸಿನಕಾಯಿ, ಹರಳೆಣ್ಣೆ, ಸುಣ್ಣ, ಹತ್ತಿ, ಸೌದೆ, ಸಗಣಿಯ ಬೆರಣಿ, ಒಂದಾದ ಮೇಲೊಂದು. ಮೆಣಸಿನಕಾಯಿ ಉಗಿದಾಗ ಚಪ್ಪರವೆಲ್ಲ ಸೀನಿತು. ಬಳೆಗಾರ ತನ್ನ ಮಲಾರದಿಂದ ಒಡೆದ ಬಳೆಚೂರು ತಂದ, ಕ್ಷೌರದವನು ಕೂದಲು ತಂದ, ಇಸ್ಕೂಲಿನ ಮೇಷ್ಟರು ಸೀಮೆಸುಣ್ಣ ತಂದರು. ಇಲಿ ಇಳಿದಿರಬಹುದು ಎಂದು ಒಬ್ಬರು ಇಲಿ ಹಿಡಿದು ತಂದರು, ಇಲಿ ಬಿದ್ದಷ್ಟೇ ವೇಗದಲ್ಲಿ ಎದ್ದು ಬಂದು ಹೋಳಿಗೆಯ ತಟ್ಟೆಯ ಮೇಲೆ ಇಳಿಯಿತು. ಬೆಕ್ಕು ತಂದವರ ಕಥೆ ನಾನು ಹೇಳುವುದಿಲ್ಲ, ಅವರ ಮುಖ ನೋಡಿದರೆ ನಿಮಗೇ ತಿಳಿಯುತ್ತದೆ. ಪ್ರತಿಯೊಂದು ಸಲವೂ ಜನ ಉಸಿರು ಹಿಡಿದು ಕಾಯುವುದು, ಗುಡಾಣ ಥೂ ಎನ್ನುವುದು, ಜನ ಓ ಎಂದು ಹಿಂದೆ ಸರಿಯುವುದು. ದೂರದ ಬೀದಿಗಳಿಂದಲೂ ಕೈಯಲ್ಲಿ ಏನಾದರೊಂದು ಹಿಡಿದು ಓಡಿ ಬರತೊಡಗಿದರು. ಸಾಲು ನಿಂತಿತು. ಅವರಲ್ಲಿ ಅರ್ಧ ಜನಕ್ಕೆ ನನ್ನ ಮದುವೆಗಿಂತ ತಮ್ಮ ವಸ್ತುವನ್ನು ಅದು ಎಷ್ಟು ಎತ್ತರಕ್ಕೆ ಉಗಿಯುತ್ತದೆಂದು ನೋಡುವುದೇ ಮುಖ್ಯವಾಗಿತ್ತು.

ಜವರಯ್ಯ ಒಂದು ಮಾತು ಹೇಳಿದ. "ನಿಮ್ಮ ಮನೆಗೆ ಗುಡಾಣ ನೋಡೋಕೆ ಬಂದಿದ್ನಲ್ಲ, ಆವತ್ತು ಬಟ್ಟೆ ಸರಿಸಿ ಒಳಗೆ ಒಂದ್ಸಲ ಸೀಟಿ ಊದಿದ್ದೆ ದ್ಯಾವಿ. ಹೆಂಗೆ ಕೇಳಿಸ್ತದೆ ಅಂತ." ನನಗೆ ಹೋದ ಜೀವ ಬಂದಂತಾಯಿತು. ಸೀಟಿಯೇ ಹೋಗಿರಬೇಕು. ಸೀಟಿಯ ಗುಡಾಣವಾದರೂ ಆಗಲಿ, ಅದರಿಂದ ಮುದ್ದೆ ಆಗದಿದ್ದರೆ ಬೇಡ, ಗಂಡನಾದರೂ ಸಿಗುತ್ತಾನಲ್ಲ. ಅವನು ಕೆನ್ನೆ ಉಬ್ಬಿಸಿ ಒಳಗೆ ಬಗ್ಗಿ ಊದಿದ. ಗುಡಾಣ ಆ ಸೀಟಿಯನ್ನು ಅವನ ಕಿವಿಗೇ ತಿರುಗಿ ಉಗಿಯಿತು. ಪಾಪ, ಸ್ವಲ್ಪ ಹೊತ್ತು ತಲೆ ಹಿಡಿದು ಕೂತ.

ಬಿಸಿಲು ಚಪ್ಪರದ ಮೇಲಿನಿಂದ ಗೋಡೆಗೆ ಇಳಿಯಿತು. ನನಗೆ ಅಳು ಬರುವುದಕ್ಕೆ ಬದಲು ಸಿಟ್ಟು ಬಂತು. ಗುಡಾಣದ ಮೇಲೆ ಸಿಟ್ಟು, ಮಲಿಯಪ್ಪನವರ ಮೀಸೆಯ ಮೇಲೆ ಸಿಟ್ಟು, ಬೆಕ್ಕಿನ ಮೇಲೂ ಸಿಟ್ಟು. ಅಷ್ಟರಲ್ಲಿ ನಮ್ಮ ಚಿಕ್ಕಪ್ಪ ‘ಪಾತ್ರೆ ಏನಾದ್ರೂ ಬಿದ್ದಿತ್ತೇನೋ’ ಎಂದು ದೊಡ್ಡ ಹಿತ್ತಾಳೆ ಹರಿವಾಣ ತಂದು ಇಳಿಸಿದ. ಗುಡಾಣ ಅದನ್ನು ಎಷ್ಟು ರೋಷದಿಂದ ಉಗಿಯಿತೆಂದರೆ ಹರಿವಾಣ ಚಪ್ಪರ ದಾಟಿ ಜಗುಲಿಯ ಕಲ್ಲಿಗೆ ಬಡಿದು ಠಣಾರ್ ಎಂದು ಉರುಳಿತು. ಎಲ್ಲರೂ ಬೆಚ್ಚಿ ಕಿವಿ ಮುಚ್ಚಿಕೊಂಡರು. ಎತ್ತುಗಳು ಹಗ್ಗ ಜಗ್ಗಿದವು. ಜಗುಲಿಯ ಮೇಲೆ, ಆ ಹರಿವಾಣ ಬಿದ್ದ ಜಾಗಕ್ಕೆ ಬೆನ್ನು ಹಾಕಿ ಈರಜ್ಜಿ ಕೂತಿದ್ದಳು. ಅವಳು ಮಾತ್ರ ಅಲುಗಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕೂತೇ ಇದ್ದಳು.

ಆಗ ನನಗೆ ಹೊಳೆಯಿತು, ಬೆಳಗಿನಿಂದ ಅಜ್ಜಿ ಒಂದು ಮಾತೂ ಆಡಿಲ್ಲ. ಊರಿನ ಪ್ರತಿಯೊಂದು ಮದುವೆಯಲ್ಲೂ ಎಲ್ಲರ ಸೀರೆ, ಸಾರು, ಸಂಬಂಧದ ಬಗ್ಗೆ ಟೀಕೆ ಮಾಡುವ ಹೆಂಗಸು ಇವತ್ತು ಇಷ್ಟೆಲ್ಲ ಆಗುತ್ತಿದ್ದರೂ ಬಾಯಿ ಬಿಚ್ಚಿಲ್ಲ. ನಾನು ಬಾಸಿಂಗ ಕಟ್ಟಿಕೊಂಡೇ ಜಗುಲಿ ಹತ್ತಿದೆ. ಅವಳ ಬೆನ್ನ ಹಿಂದೆ ನಿಂತು "ಅಜ್ಜಿ" ಎಂದೆ. ತಿರುಗಲಿಲ್ಲ. ಜೋರಾಗಿ ಕರೆದೆ. ತಿರುಗಲಿಲ್ಲ. ಮುಂದೆ ಬಂದು ಅವಳ ಎದುರಿಗೆ ಕುಕ್ಕರುಗಾಲಲ್ಲಿ ಕೂತೆ. ಅವಳು ನನ್ನ ಕಣ್ಣು ನೋಡಲಿಲ್ಲ, ತುಟಿಯನ್ನು ನೋಡಿದಳು.

"ಅಜ್ಜಿ, ನಿಂಗೆ ಕಿವಿ ಕೇಳಿಸಲ್ವಾ?" ಎಂದೆ, ಒಂದೊಂದೇ ಅಕ್ಷರ ಬಿಡಿಸಿ.

ಅವಳು ಸುತ್ತ ನೋಡಿದಳು. "ಮೆಲ್ಲಗೆ ಮಾತಾಡು" ಎಂದಳು. ಮೆಲ್ಲಗೋ ಜೋರೋ ಅವಳಿಗೆ ಹೇಗೆ ತಿಳಿಯಬೇಕು? ನಾನು ಅವಳ ಕೈ ಹಿಡಿದುಕೊಂಡೆ.

"ಎಷ್ಟು ದಿನದಿಂದ?"

"ಹೋದ ಮಳೆಗಾಲಕ್ಕೂ ಮುಂಚಿಂದ. ಒಂದೇ ಸಲ ಹೋಗ್ಲಿಲ್ಲ, ಒಂದೊಂದೇ ಸದ್ದು ಹೋಯ್ತು. ಮೊದಲು ಗುಬ್ಬಿ, ಆಮೇಲೆ ನಿಮ್ಮವ್ವನ ಬಳೆ. ಕೊನೇಗೆ ಗುಡಾಣ." ಅವಳು ಅಂಗೈ ಬಿಚ್ಚಿ ತೋರಿಸಿದಳು. "ಆದ್ರೆ ಕೈಗೆ ತಿಳೀತಿತ್ತು ಕಣವ್ವ. ತಟ್ಟಿದ ಕೂಡ್ಲೆ ಅಂಗೈ ಇಟ್ರೆ ಒಳ್ಳೇದು ಜುಂ ಅಂತೈತೆ, ಬಿರುಕಿರೋದು ಸುಮ್ನಿರ್ತದೆ. ಹಂಗೇ ನಡಸ್ಕಂಡು ಬಂದೆ. ಯಾರದೂ ಸೋರಲಿಲ್ಲ. ಆದ್ರೆ ಇದು ನಿನ್ನ ಗುಡಾಣ. ಇದಕ್ಕೆ ಮಾತ್ರ ಕೈನ ನಂಬೋಕೆ ಧೈರ್ಯ ಬರ್ಲಿಲ್ಲ."

ನನಗೆ ಏನೋ ಅರ್ಥವಾಗತೊಡಗಿತು. "ಏನ್ ಮಾಡಿದೆ ಅಜ್ಜಿ?"

"ನೀವೆಲ್ಲ ಮದುವೆಗೆ ಕರೆಯೋಕೆ ಹೋಗಿದ್ರಲ್ಲ, ಆವತ್ತು ಬಟ್ಟೆ ಬಿಚ್ಚಿ ಒಳಗೆ ಕೈ ಆಡಿಸಿದೆ. ಕೈಯಾಗ್ಲಿ ಸದ್ದಾಗ್ಲಿ, ಹೋಗಿ ಬಂದ್ರೆ ಗುಡಾಣ ಲೆಕ್ಕಕ್ಕೆ ಇಟ್ಕಳಲ್ಲ, ನಂಗೊತ್ತು. ಆದ್ರೆ ತಳ ಸಿಗ್ಲಿಲ್ಲ. ಕಾಳಿನ ಪೆಟ್ಟಿಗೆ ಹತ್ತಿ ಪೂರ್ತಿ ಒಳಗೇ ಇಳಿದೆ. ಅಂಗಾಲಿಗೆ ಏನೋ ಜುಂ ಅಂತು, ವಯಸ್ಸಾದ ಕಾಲು ಅಂದ್ಕಂಡೆ. ಬಾಯಿಗೆ ಕಂಬಳಿ ಎಳ್ಕಂಡು ಕತ್ತಲೆ ಮಾಡ್ಕಂಡು ಕೂತೆ. ಬಿರುಕಿದ್ರೆ ಒಂದೆಳೆ ಬೆಳಕಾದ್ರೂ ಕಾಣಬೇಕಲ್ಲ. ಏನೂ ಇರ್ಲಿಲ್ಲ ಮಗ. ಅಂಥಾ ಗುಡಾಣ ನಾನು ನೋಡೇ ಇಲ್ಲ." ಹೇಳುತ್ತ ಹೇಳುತ್ತ ಅವಳ ಮುಖ ಅರಳಿತು, ಮತ್ತೆ ಬಾಡಿತು. "ಮನುಷ್ಯರನ್ನೂ ಒಪ್ತದೆ ಅಂತ ಯಾರಿಗೆ ಗೊತ್ತಿತ್ತು? ರಾಗಿ ಉಗಿದಾಗ ತಿಳೀತು. ಹೇಳಾನ ಅಂದ್ರೆ, ಯಾಕೆ ಇಳಿದೆ ಅಂತ ಕೇಳ್ತಾರೆ. ಕೇಳಿದ್ರೆ ಕಿವಿ ವಿಷ್ಯ ಬತ್ತದೆ. ಅದೂ ಆ ಮೀಸೆಯವನ ಮುಂದೆ."

ನನಗೆ ಒಮ್ಮೆಗೇ ಅಳುವೂ ನಗುವೂ ಬಂತು. ಬೆಳಗಿನಿಂದ ಊರೆಲ್ಲ ಹುಡುಕುತ್ತಿದ್ದದ್ದು ಇಲ್ಲಿ ಜಗುಲಿಯ ಮೇಲೆ ಸೆರಗು ಸುತ್ತುತ್ತ ಕೂತಿತ್ತು. ಹೇಳಿಬಿಡಲೇ, ಬೇಡವೇ? ಹೇಳಿದರೆ ಗುಡಾಣ ತಟ್ಟುವ ಈರಜ್ಜಿ ಇವತ್ತಿಗೆ ಮುಗಿದಳು. ಬಿಟ್ಟರೆ ನನ್ನ ಜವರಯ್ಯ ಮುಗಿದ. ಗೋಡೆಯ ಮೇಲಿನ ಬಿಸಿಲು ಆಗಲೇ ಸೂರಿನ ಹತ್ತಿರ ಬರಿ ಒಂದು ಪಟ್ಟಿಯಾಗಿ ಉಳಿದಿತ್ತು. ಆ ಕ್ಷಣ ನನಗೆ ಜವರಯ್ಯ ಎಷ್ಟು ಬೇಕಾಗಿದ್ದನೋ ಅಜ್ಜಿಯೂ ಅಷ್ಟೇ ಬೇಕಾಗಿದ್ದಳು, ನಿಜವಾಗಿ ಹೇಳುತ್ತೇನೆ.

ಅಜ್ಜಿ ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಮಂಡಿ ಹಿಡಿದು ಎದ್ದಳು. "ನಡಿ, ಆ ಮಣೆ ತಕ್ಕೊ" ಎಂದಳು. ಸೀರೆಯನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ಚಪ್ಪರದ ನಡುವೆ ನಡೆದಳು. ಸಾಲಿನಲ್ಲಿ ಕೋಳಿ ಹಿಡಿದು ನಿಂತಿದ್ದವನನ್ನು ಪಕ್ಕಕ್ಕೆ ತಳ್ಳಿದಳು. ಮಣೆಯ ಮೇಲೆ ಹತ್ತಿ, ಒಂದು ಕೈ ನನ್ನ ಹೆಗಲ ಮೇಲೆ, ಒಂದು ಕೈ ಜವರಯ್ಯನ ಹೆಗಲ ಮೇಲೆ ಇಟ್ಟು, ಒಂದು ಕಾಲು ಒಳಗೆ, ಇನ್ನೊಂದು ಕಾಲು ಒಳಗೆ, ಹಾಗೇ ಕುಕ್ಕರಿಸಿ ಇಳಿದುಬಿಟ್ಟಳು. ಅವಳ ಬಿಳಿ ತುರುಬೂ ಮರೆಯಾಯಿತು.

ಹೂಂ ಎಂದಿತು ಗುಡಾಣ.

ಎಂಥ ಹೂಂ ಅದು. ನನ್ನ ಅಂಗಾಲಿನಿಂದ ಮಂಡಿಗೆ, ಮಂಡಿಯಿಂದ ಹೊಟ್ಟೆಗೆ ಏರಿತು. ಚಪ್ಪರದ ಕಂಬಗಳು ನಡುಗಿದವು. ಜನ ಕುಣಿದರು, ಕೋಳಿ ಕೈತಪ್ಪಿ ಹಾರಿತು, ಕೆಂಚಮ್ಮ ನನ್ನನ್ನು ಅಪ್ಪಿಕೊಂಡು ತಿರುಗಿಸಿದಳು. ವಾಲಗದವರು ಯಾರೂ ಹೇಳದೆಯೇ ಗಟ್ಟಿಮೇಳ ಶುರುಮಾಡಿದರು. ಆ ಗದ್ದಲದಲ್ಲೇ ಮಲಿಯಪ್ಪನವರು ಎದ್ದು ನಿಂತು ಕೈ ಎತ್ತಿದರು. ವಾಲಗ ನಿಂತಿತು.

"ಈ ಮುದುಕಿ ಯಾಕೆ ಇಳಿದಿದ್ಲು ಇದರೊಳಗೆ? ಬೇಕಂತಲೇ ಮಾಡಿರೋದಾ? ಅದು ಮೊದಲು ಗೊತ್ತಾಗ್ಲಿ" ಎಂದರು.

ಅಜ್ಜಿ ಗುಡಾಣದಿಂದ ತಲೆ ಹೊರಗೆ ಹಾಕಿ ನನ್ನನ್ನು ನೋಡಿದಳು. ಅವರು ಕೇಳಿದ್ದನ್ನು ನಾನು ಅವಳಿಗೆ ತುಟಿಯಲ್ಲಿ ಬಿಡಿಸಿ ಹೇಳಿದೆ. ನಾನು ಹಾಗೆ ಹೇಳುತ್ತಿರುವುದನ್ನು ನೋಡಿಯೇ ಅರ್ಧ ಜನಕ್ಕೆ ವಿಷಯ ತಿಳಿದುಹೋಯಿತು. ಅಜ್ಜಿ ಮಲಿಯಪ್ಪನವರ ಕಡೆ ತಿರುಗಿದಳು.

"ನಂಗೆ ಕಿವಿ ಹೋಗೈತೆ ಮಲಿಯಪ್ಪ. ತಟ್ಟಿದ್ರೆ ಕೇಳಿಸಲ್ಲ. ಕಣ್ಣಲ್ಲಾದ್ರೂ ನೋಡಾನ ಅಂತ ಇಳಿದೆ. ಹುಡುಗಿದು ತಪ್ಪಿಲ್ಲ, ಗುಡಾಣದ್ದೂ ಇಲ್ಲ." ಇಷ್ಟು ಹೇಳಿ ಗುಡಾಣದ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ನಾಳೆಯಿಂದ ತಟ್ಟೋಕೆ ಬೇರೆ ಯಾರನ್ನಾದ್ರೂ ನೋಡ್ಕಳಿ."

ಕೆಂಚಮ್ಮ ಕಣ್ಣೊರಸಿಕೊಂಡಳು. ನಮ್ಮೂರಿನಲ್ಲಿ ಅಜ್ಜಿ ತಟ್ಟದ ಗುಡಾಣವಿರುವ ಮನೆಯೇ ಇರಲಿಲ್ಲ. ಮಲಿಯಪ್ಪನವರು ಮೀಸೆ ಸವರಿಕೊಳ್ಳಲು ಕೈ ಎತ್ತಿದವರು ಹಾಗೇ ನಿಂತರು. ಅವರು ಇಷ್ಟು ವರ್ಷ ಕಾದಿದ್ದ ಗಳಿಗೆ ಅದು. ಆದರೆ ಅದು ಕೈಗೆ ಸಿಕ್ಕಾಗ ಏನು ಮಾಡಬೇಕೆಂದು ಅವರಿಗೆ ತೋಚಿದಂತೆ ಕಾಣಲಿಲ್ಲ. "ತಾಳಿ ಕಟ್ಸಿ, ಹೊತ್ತಾಯ್ತು" ಎಂದು ಗೊಣಗಿದರು. "ಮಿಕ್ಕಿದ್ದು ಹೊಸ್ತಿಲ ಹತ್ರ ನೋಡಾನ."

ತಾಳಿ ಬಿತ್ತು. ಅಜ್ಜಿ ಗುಡಾಣದೊಳಗಿಂದಲೇ ಅಕ್ಷತೆ ಎಸೆದಳು. ಅವಳು ಹೊರಗೆ ಬರುವಂತಿರಲಿಲ್ಲ, ಬಂದರೆ ಗುಡಾಣ ಬರಿದಾಗುತ್ತಿತ್ತು. ಹಾಗಾಗಿ ಅವಳನ್ನು ಕೂರಿಸಿಕೊಂಡೇ ದಿಬ್ಬಣ ಹೊರಡಬೇಕಾಯಿತು. ಗಾಡಿಗೆ ಹೇರಿದರೆ ಕುಲುಕಾಟಕ್ಕೆ ಒಡೆದರೆ ಎಂಬ ಭಯ. ಜವರಯ್ಯ ಬಸ್ ತರಿಸಿದ. ಊರಿನ ಗಂಡಸರೆಲ್ಲ ಸೇರಿ ಗುಡಾಣವನ್ನು ಎತ್ತಿ ನಡುವಿನ ಜಾಗದಲ್ಲಿ ಹುಲ್ಲಿನ ಸಿಂಬಿಯ ಮೇಲೆ ನಿಲ್ಲಿಸಿದರು. "ಇದಕ್ಕೆ ಲಗೇಜು ಚೀಟಿಯೋ ಅಜ್ಜಿ ಚೀಟಿಯೋ?" ಎಂದು ಯಾರೋ ಕೇಳಿದರು. ಜವರಯ್ಯ ಬಾಗಿಲಿನ ಕಂಬಿ ಹಿಡಿದು ಸೀಟಿ ಊದಿದ. ಅಂಥ ಸೀಟಿಯನ್ನು ಅವನು ಅದಕ್ಕೂ ಮುಂಚೆ ಊದಿರಲಿಲ್ಲ, ಆಮೇಲೂ ಊದಿಲ್ಲ. ಬಸ್ಸಿನ ತುಂಬ ಜನ, ಮೇಲೆ ಜನ, ಹಿಂದಿನ ಏಣಿಯಲ್ಲಿ ಜನ. ನಾನು ಗುಡಾಣವನ್ನು ತಬ್ಬಿಕೊಂಡು ನಿಂತಿದ್ದೆ. ಅಜ್ಜಿ ಅಂಚಿನ ಮೇಲೆ ಗಲ್ಲವಿಟ್ಟು ಕಿಟಕಿಯಾಚೆ ನೋಡುತ್ತ, ದಾರಿಯಲ್ಲಿ ಬಂದ ಮನೆಮನೆಯ ಬಗ್ಗೆ ಹೇಳತೊಡಗಿದಳು. ಈ ಮನೆಯ ಎಣ್ಣೆ ಗುಡಾಣ ನಾನೇ ತಟ್ಟಿದ್ದು. ಆ ಮನೆಯವರು ಬೂದಿ ಗುಡಾಣಕ್ಕೆ ಸಣ್ಣದು ಸಾಕು ಅಂದಿದ್ದರು, ಜಿಪುಣರು. ಇಡೀ ದಿನ ನುಂಗಿಕೊಂಡಿದ್ದ ಮಾತೆಲ್ಲ ಒಟ್ಟಿಗೆ ಹೊರಬಂತು. ನನಗಾದ ಸಂತೋಷ ಅಷ್ಟಿಷ್ಟಲ್ಲ.

ಕೆರೆಯಾಚೆಯ ಬೀದಿಯಲ್ಲಿ ಜವರಯ್ಯನ ಮನೆ. ಅವನ ತಾಯಿ ಆರತಿ ಹಿಡಿದು ಬಾಗಿಲಲ್ಲಿ ನಿಂತಿದ್ದರು, ದೀಪ ಇನ್ನೂ ಹಚ್ಚಿರಲಿಲ್ಲ. ಗುಡಾಣವನ್ನು ಇಳಿಸಿ ಹೊಸ್ತಿಲ ಮುಂದೆ ಇಟ್ಟರು. ಅಜ್ಜಿ ತಾನಾಗಿಯೇ ಒಳಗೆ ಕುಸಿದು ಕೂತಳು, ಮೇಲಿಂದ ನೋಡಿದರೆ ಬಾಯಿಯ ತುಂಬ ಅವಳ ಬಿಳಿ ತಲೆ ಮಾತ್ರ. ಎಲ್ಲರೂ ಮಲಿಯಪ್ಪನವರಿಗೆ ಜಾಗ ಬಿಟ್ಟರು. ಅವರು ಒಂದು ಮಾತು ಹೇಳದಿದ್ದರೆ ಸಾಕಿತ್ತು, ನಾನು ಬಂದ ಬಸ್ಸಿನಲ್ಲೇ ತಿರುಗಿ ಹೋಗಬೇಕಾಗುತ್ತಿತ್ತು. ತಾಳಿ ಕಟ್ಟಿದ್ದರೂ ಅಷ್ಟೆ, ಹೊಸ್ತಿಲು ಹೊಸ್ತಿಲೇ.

ಅವರು ಗುಡಾಣದ ಸುತ್ತ ಒಂದು ಸುತ್ತು ಬಂದರು. "ರಾಗಿ ತುಂಬಿ ಬಂದಿದ್ರೆ ಮನೇಲಿ ರಾಗಿಗೆ ಬರ ಇರಾಕಿಲ್ಲ ಅಂತಾರೆ" ಎಂದರು. "ಇದು ತುಂಬಿ ಬಂದ್ರೆ?" ಜವರಯ್ಯ ನನ್ನ ಕೈ ಹಿಡಿದ. ಮಲಿಯಪ್ಪನವರು ಬಗ್ಗಿ, ಪೇಟ ಜಾರದಂತೆ ಒಂದು ಕೈಯಲ್ಲಿ ಹಿಡಿದುಕೊಂಡು, ಇನ್ನೊಂದು ಕೈಯ ಗೆಣ್ಣಿನಿಂದ ಗುಡಾಣದ ಹೊಟ್ಟೆಗೆ ಒಮ್ಮೆ ತಟ್ಟಿದರು.

ಒಳಗಿಂದ ಅಜ್ಜಿಯ ದನಿ ಬಂತು, ಮಗುವಿನ ದನಿಯಷ್ಟು ಸಣ್ಣಗೆ.

"ಯಾರದು ತಟ್ಟಿದ್ದು?"

ಮಲಿಯಪ್ಪನವರು ನನ್ನನ್ನು ನೋಡಿದರು. ನಾನು ಗುಡಾಣದೊಳಗೆ ಬಗ್ಗಿದೆ. ಅಜ್ಜಿ ಬೆನ್ನನ್ನೂ ತಲೆಯನ್ನೂ ಮಣ್ಣಿಗೆ ಒತ್ತಿಕೊಂಡು, ಕಣ್ಣು ಮುಚ್ಚಿ ಕೂತಿದ್ದಳು. ನನ್ನ ತುಟಿಯನ್ನು ಅವಳು ನೋಡುತ್ತಿರಲಿಲ್ಲ.

"ಕೇಳಿಸ್ತು" ಎಂದಳು. "ಠಣ್ ಅಂತು. ಇನ್ನೊಂದ್ಸಲ ತಟ್ರಪ್ಪ."

ಮಲಿಯಪ್ಪನವರು ಪೇಟ ತೆಗೆದು ಜವರಯ್ಯನ ಕೈಗೆ ಕೊಟ್ಟರು. ಹೊಸ ಪಂಚೆ ಮಣ್ಣಾಗುವುದನ್ನೂ ನೋಡದೆ ಗುಡಾಣದ ಪಕ್ಕ ಮಂಡಿಯೂರಿ ಕೂತರು. ಇನ್ನೊಮ್ಮೆ ತಟ್ಟಿದರು. ಒಳಗೆ ಅಜ್ಜಿ ನಕ್ಕಳು. "ಇನ್ನೂ ಕೆಳಗೆ" ಎಂದಳು. ಅವರು ಕೆಳಗೆ ತಟ್ಟಿದರು. "ಎಡಕ್ಕೆ ಬಾ." ಎಡಕ್ಕೆ ಜರುಗಿ ತಟ್ಟಿದರು. "ಎಲ್ಲೂ ಬಿರುಕಿಲ್ಲ, ನಾನು ಹೇಳ್ಳಿಲ್ವಾ?" ಎಂದಳು. "ಇಲ್ಲ ಕಣಜ್ಜಿ, ಎಲ್ಲೂ ಇಲ್ಲ" ಎಂದರು ಅವರು, ಅದು ಅವಳಿಗೆ ಕೇಳಿಸದು ಎಂಬುದನ್ನು ಮರೆತು. ಹಾಗೆಯೇ, ತಲೆಯೆತ್ತದೆ, "ತುಂಬಿ ಬಂತು" ಎಂದರು.

ನಾನು ಹೊಸ್ತಿಲು ದಾಟಿ ಒಳಗೆ ಬಂದೆ. ಜವರಯ್ಯನ ತಾಯಿ ದೀಪ ಹಚ್ಚಿದರು. ಹೊರಗೆ ಅವರು ಇನ್ನೂ ತಟ್ಟುತ್ತಲೇ ಇದ್ದರು.